ಹಳ್ಳ ದಾಟಿದರೆ ಇನ್ನೊಂದು ಸರ್ಕಾರ

ಇಳಕಲ್ಲು ದಾಟಿ ಸ್ವಲ್ಪ ದೂರ ಬರುತ್ತಲೇ ನಮ್ಮ ಗಾಡಿಯನ್ನು ನಿಲ್ಲಿಸಿದರು. ಕರೋಡಗಿರಿ ನಾಕಾ, ಎಂದರೆ ನಿಜಾಮ ಸರ್ಕಾರದ ಸುಂಕದ ಕಟ್ಟೆ. ಜವಾನನೊಬ್ಬ ನನ್ನ ಟ್ರಂಕಿನ ಸೀರೆಗಳನ್ನು ಒಂದೊಂದಾಗಿ ಝಾಡಿಸಿ, ಧಾರವಾಡದಿಂದ ತಂದಿದ್ದ ಕನ್ನಡ ಮಾಸಪತ್ರಿಕೆಗಳನ್ನು ಪಕ್ಕಕ್ಕೆ ಒಗೆದ. ಅವು ಮತ್ತೆ ಸಿಗಲಿಲ್ಲ. ತಳದಲ್ಲಿದ್ದ ದಪ್ಪ ಇಂಗ್ಲಿಷ್ ಪುಸ್ತಕವನ್ನು ತಿರುವಿ, "ಇದು ಯಾವ ಮುಲ್ಕಿನ ಕಿತಾಬರೀ?" ಎಂದು ಕೇಳಿದ. "ಅಮೇರಿಕಾದ್ದು" ಎಂದರು ನಮ್ಮ ಮನೆಯವರು. ಹಾಗೊಂದು ಊರಿದೆಯೇ ಎಂಬಂತೆ ನಕ್ಕು, ಅದನ್ನು ಸೀರೆಗಳ ಮೇಲಿಟ್ಟು ಮುಚ್ಚಳ ಹಾಕಿದ. ದೊರೆಗಳನ್ನು ಕಟ್ಟಿಹಾಕುವ ವಿದ್ಯೆ ಹೇಳುವ ಪುಸ್ತಕ ಗಡಿ ದಾಟಿತು. ಅಡಿಗೆ ಹೇಳಿಕೊಡುವ ಮಾಸಪತ್ರಿಕೆ ದಾಟಲಿಲ್ಲ.

ನಾವು ಬಂದು ನೆಲೆಸಿದ ಲಿಂಗಸುಗೂರು ಹೇಗಿದೆ ಎಂದು ನೀವೆಲ್ಲ ಕೇಳುತ್ತೀರಿ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಮೇಲೊಂದು ಬೆಳಕಿಂಡಿ, ಇದು ಮನೆ. ರೊಟ್ಟಿ ನಮ್ಮದೇ, ಪುಂಡಿಪಲ್ಯ ನಮ್ಮದಕ್ಕಿಂತ ಹುಳಿ. ಬಾವಿಯ ನೀರು ಮಾತ್ರ ಸವಳು, ಎಷ್ಟು ಉರಿ ಹಾಕಿದರೂ ಬೇಳೆ ಬೇಯುವುದಿಲ್ಲ. ಕಚೇರಿಯ ಮಾತೆಲ್ಲ ಉರ್ದು. ನೆರೆಯವರು ನಮ್ಮನ್ನು 'ಗೈರಮುಲ್ಕಿ' ಎನ್ನುತ್ತಾರೆ, ಹೊರನಾಡಿನವರು ಎಂದು. ಅದೇ ಕನ್ನಡ ಆಡುವವರ ಬಾಯಿಂದ ಆ ಮಾತು ಕೇಳಿದ ದಿನ ಒಲೆಯ ಮುಂದೆ ಕೂತು ಅತ್ತಿದ್ದೇನೆ.

ಬೇಳೆ ಬೇಯುವ ಉಪಾಯ ಹೇಳಿಕೊಟ್ಟವಳು ಅರಿವೆ ಒಗೆಯುವ ಯಲ್ಲವ್ವ. "ಹಳ್ಳದ ಉಸುಕಿನಾಗ ವರತಿ ತೋಡಿಸ್ರಿ ಅವ್ವಾರ, ಸಿಹಿ ನೀರು ಸಿಗತೈತಿ" ಎಂದಳು. ಅಂದು ಬೆಂದ ಬೇಳೆಯನ್ನು ನೋಡಿ ನಾನು ಊರು ಗೆದ್ದವಳಂತೆ ಕುಣಿದೆ. ಅಂದಿನಿಂದ ಯಲ್ಲವ್ವನಿಗೆ ದಿನವೂ ಹಿತ್ತಿಲ ಬಾಗಿಲಲ್ಲಿ ಸ್ವಲ್ಪ ಹೊತ್ತು ಕೂಡುವ ರೂಢಿಯಾಯಿತು. ಜೊತೆಗೆ ಮಗಳು ಭೀಮಿ, ಆಗಷ್ಟೇ ಸೀರೆ ಉಡಲು ಕಲಿತವಳು. ಕುದುರೆಯ ಸಪ್ಪಳ ಕೇಳಿದರೆ ಸಾಕು, ಆ ಹುಡುಗಿ ನಮ್ಮ ಅಡಿಗೆಮನೆಯಲ್ಲಿ ಕಾಳು ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಅಡಗುತ್ತಿದ್ದಳು.

ನಮ್ಮ ಮನೆಯವರು ಇಲ್ಲಿ ವಕೀಲರು. ಹಲ್ಲು ನೋವು ಬಂದರೂ ಅಮೇರಿಕಾದ ರಾಜ್ಯಘಟನೆಯಲ್ಲಿ ಮದ್ದು ಹುಡುಕುವ ಮನುಷ್ಯ. ರಾಜ್ಯಘಟನೆ ಎಂದರೆ ಆಳುವವರೂ ಮೀರಬಾರದ ಮೂಲ ಕಾಯ್ದೆ. ಕೇಳುವವರು ಬೇರೆ ಯಾರೂ ಇಲ್ಲದ್ದರಿಂದ ನನಗೇ ಪಾಠ. "ಹದಿಮೂರು ಪ್ರಾಂತ ಕೂಡಿ ಒಂದು ಒಕ್ಕೂಟ ಮಾಡಿಕೊಂಡ್ವು. ಸ್ವಲ್ಪ ಅಧಿಕಾರ ಅದಕ್ಕ ಕೊಟ್ಟು, ಉಳಿದದ್ದು ತಮ್ಮ ಹಂತ್ಯಾಕ ಇಟ್ಟುಕೊಂಡ್ವು. ಕಾಯ್ದೆ ಮಾಡಾಂವ ಬ್ಯಾರೆ, ನಡಸಾಂವ ಬ್ಯಾರೆ, ನ್ಯಾಯ ಹೇಳಾಂವ ಬ್ಯಾರೆ. ಒಂದು ಸರ್ಕಾರ ಕಾಡಿದ್ರ ಇನ್ನೊಂದು ಕಾಯತದ." ಇಲ್ಲಿಯೋ, ಬೆಳಿಗ್ಗೆ ಕಂದಾಯ ವಸೂಲಿ ಮಾಡುವ ತಹಶೀಲ್ದಾರರೇ ಮಧ್ಯಾಹ್ನ ನ್ಯಾಯಪೀಠದ ಮೇಲೆ ಕೂಡುತ್ತಾರೆ.

ಬಾಗಿಲಲ್ಲಿದ್ದ ಯಲ್ಲವ್ವ ಒಮ್ಮೆ ಈ ಪಾಠ ಕೇಳಿ, "ಹಂಗಾರ ನನ್ನ ಭೀಮಿನ್ನ ಈ ಸರ್ಕಾರ ಕಾಯತೈತೇನ್ರಿ?" ಎಂದಳು. ಆಗ ಎಲ್ಲ ಹೊರಬಿತ್ತು. ಅವಳ ಊರು ಮಸ್ಕಿಯ ಕಡೆ, ಹಳ್ಳದ ಆಚೆ. ಅದು ಜಹಗೀರಿ, ನಿಜಾಮರು ಒಬ್ಬ ಸಾಹುಕಾರ ಮನೆತನಕ್ಕೆ ಬಿಟ್ಟುಕೊಟ್ಟ ಊರು. ಅಲ್ಲಿ ಪೊಲೀಸು, ಕೋರ್ಟು, ತುರಂಗ ಎಲ್ಲ ಆ ಮನೆಯವೇ. ಯಲ್ಲವ್ವನ ಮನೆತನ ತಲೆತಲಾಂತರದಿಂದ ಅವರ ಗಢಿಯ, ಎಂದರೆ ಕೋಟೆಮನೆಯ, ಅರಿವೆಯನ್ನು ಬಿಟ್ಟಿ ಒಗೆಯಬೇಕು. ಈಗ ಜಹಗೀರದಾರರ ಮಗಳಿಗೆ ಮದುವೆ ಗೊತ್ತಾಗಿದೆ. ಮದುಮಗಳ ಜೊತೆ ಗಂಡನ ಮನೆಗೆ ಒಂದು ದಾಸಿಯನ್ನು ಕಳಿಸುವುದು ಪದ್ಧತಿ. ಭೀಮಿಯ ಮೇಲೆ ಕಣ್ಣು ಬಿದ್ದಿದೆ. "ಅಲ್ಲಿ ಹ್ವಾದ ಹುಡುಗ್ಯಾರ್ನ ಗಂಡಸ್ರು ಹ್ಯಾಂಗ ಇಟಗೋತಾರ ಗೊತ್ತೈತ್ರಿ. ಅದಕ್ಕ ಹಳ್ಳ ದಾಟಿ ಓಡಿ ಬಂದೀವ್ರಿ." ಲಿಂಗಸುಗೂರು ದಿವಾನಿ ನೆಲ, ನೇರ ಸರ್ಕಾರದ್ದು. ಇಲ್ಲಿ ಜಹಗೀರದಾರರ ಕೈ ನಡೆಯದು ಎಂದು ನಮ್ಮವರು ಧೈರ್ಯ ಹೇಳಿದರು. ನಾನೂ ನಂಬಿದೆ.

ಕೆಲವು ದಿನಗಳಲ್ಲೇ ಗಢಿಯಿಂದ ಕಚೇರಿಗೆ ಬೇಡಿಕೆ ಬಂತು. ಭೀಮಿ ಜರಿ ಸೀರೆ ಕದ್ದು ಓಡಿದ್ದಾಳೆ, ಒಪ್ಪಿಸಬೇಕು ಎಂದು. ನಮ್ಮವರು ಓಡಿಹೋದರು. ತಹಶೀಲ್ದಾರರು ಕೂಡಿಸಿ ಚಹಾ ಕೊಟ್ಟು, "ಅವರ ಕಳ್ಳರ್ನ ನಾವು ಕೊಡ್ತೀವಿ, ನಮ್ಮವರನ್ನ ಅವರು ಕೊಡ್ತಾರ. ಇಲ್ಲಾಂದ್ರ ಕಾರಭಾರ ನಡೆಯೂದು ಹ್ಯಾಂಗ್ರೀ ವಕೀಲ್ ಸಾಬ್?" ಎಂದರಂತೆ. ಅಧಿಕಾರ ಇಲ್ಲಿಯೂ ಹಂಚಿಹೋಗಿದೆ. ಕಾಯುವುದಕ್ಕಲ್ಲ, ತಿನ್ನುವುದಕ್ಕೆ.

ಮನೆಗೆ ಬಂದವರೇ ಭೀಮಿಯ ಪರವಾಗಿ ಬರೆಯುವ ಅರ್ಜಿಗೊಂದು ಆಧಾರ ಬೇಕೆಂದು ಟ್ರಂಕಿನಲ್ಲಿ ತಂದಿದ್ದ ಆ ಅಮೇರಿಕಾದ ಪುಸ್ತಕ ಬಿಚ್ಚಿ ಕೂತರು. ಹಾಳೆ ತಿರುವುತ್ತಿದ್ದ ಕೈ ಒಂದು ಕಡೆ ನಿಂತಿತು. ಹೊಸ್ತಿಲ ಹೊರಗಿಂದ ಯಲ್ಲವ್ವ, "ಏನ್ ಬರದಾರ್ರಿ ಸಾಹೇಬ್ರ?" ಎಂದಳು. ನಮ್ಮವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಇದ್ದದ್ದನ್ನೇ ಓದಿ ಹೇಳಿದರು. ಒಂದು ಪ್ರಾಂತದಲ್ಲಿ ದುಡಿಮೆಗೆ ಕಟ್ಟುಬಿದ್ದವರು ಇನ್ನೊಂದಕ್ಕೆ ಓಡಿಹೋದರೆ, ಅಲ್ಲಿನ ಯಾವ ಕಾಯ್ದೆಯೂ ಅವರನ್ನು ಬಿಡಿಸಲಾರದು, ಕೇಳಿದವರಿಗೆ ಒಪ್ಪಿಸಬೇಕು. ರಾಜ್ಯಘಟನೆ ಕಟ್ಟಿದ ಹಿರಿಯರೇ ಬರೆದ ಮಾತು. ಅಲ್ಲಿ ಕರಿಯ ಜನ ಗುಲಾಮರಾಗಿದ್ದರು.

"ಆಮ್ಯಾಲ ತಗದುಹಾಕ್ಯಾರ" ಎಂದರು ನಮ್ಮವರು. "ದೊಡ್ಡ ಕಾಳಗ ಆತು."

"ಎಷ್ಟ್ ದಿನಕ್ರೀ?"

"ಮೂರು ತಲಿಮಾರು ಹೋದ್ವು."

ಯಲ್ಲವ್ವ ಮಗಳ ತಲೆಯ ಮೇಲೆ ಕೈಯಿಟ್ಟಳು. ಮರುದಿನ ಕಚೇರಿಯ ಜವಾನರು ಬಂದರು. ಭೀಮಿ ವಾಡೆಯ ಹಿಂದೆಯೇ ಇದ್ದಳು. ನಮ್ಮ ಅಡಿಗೆಮನೆಯಿಂದ ಅವಳನ್ನು ಎಳೆದೊಯ್ಯುವಾಗ ನಾನು ಕಿರುಚಿದ್ದು ಓಣಿಗೆಲ್ಲ ಕೇಳಿತು, ಯಾರೂ ಹೊರಗೆ ಬರಲಿಲ್ಲ.

ಮಗಳ ಹಿಂದೆಯೇ ಗಢಿಗೆ ಹೋಗಿದ್ದ ಯಲ್ಲವ್ವ ಮುಂದೊಂದು ದಿನ ಒಬ್ಬಳೇ ಬಂದಳು. ನಿನ್ನನ್ನು ಹೇಗೆ ಬಿಟ್ಟರು ಎಂದು ಕೇಳಿದೆ. "ಈಗ ನನ್ನ ಯಾರೂ ಹಿಡಿಯಂಗಿಲ್ರಿ. ಭೀಮಿ ಅಲ್ಲಿ ಇರೂತನಕ ನಾ ಹೊಳ್ಳಿ ಬರ್ತೀನಂತ ಅವರಿಗೆ ಗೊತ್ತೈತಿ" ಎಂದಳು. ಆಮೇಲೆ ನಮ್ಮವರನ್ನು ಕೇಳಿದಳು: "ಆ ದೇಶದಾಗ ಮತ್ತ ಓಡಿದವರು ಎಲ್ಲಿಗಿ ಹೋಗತಿದ್ರರೀ?" ಬಡಗಣ ಗಡಿ ದಾಟಿ ಇಂಗ್ಲಿಷರ ನೆಲಕ್ಕೆ ಎಂದರು ಇವರು. ಅವಳು ನನ್ನ ಕಡೆ ತಿರುಗಿದಳು. "ನಿಮ್ಮ ಧಾರವಾಡ ಇಂಗ್ಲಿಷರದಲ್ಲೇನ್ರಿ ಅವ್ವಾರ? ಮದಿವಿ ಗದ್ದಲದಾಗ ಭೀಮಿನ್ನ ಕರಕೊಂಡು ನಾಕಾ ದಾಟ್ತೀನಿ. ನಿಮ್ಮ ತವರಮನ್ಯಾಗ ಒಂದು ಮೂಲಿ ಸಿಗತೈತೇನ್ರಿ?"

ಅದನ್ನು ಕೇಳಲೆಂದೇ ನಾನು ಧಾರವಾಡಕ್ಕೆ ಹೋದೆ. ತವರಿನಲ್ಲಿ ನನಗೆ ಪಾಯಸ, ಹೋಳಿಗೆ. ಬೇಳೆ ಒಂದೇ ಕುದಿಗೆ ಬೆಂದಿತ್ತು. ಆ ಸುಡುಗಾಡು ಸೀಮೆಗೆ ಯಾಕೆ ಹೊಳ್ಳಿ ಹೋಗತಿ, ಇಲ್ಲೇ ಇರು ಎಂದು ಅವ್ವ ತಲೆ ಸವರಿದಳು. ನಾನು ಭೀಮಿಯ ವಿಷಯ ಹೇಳಿದೆ. ಅವ್ವ ಎಲ್ಲವನ್ನೂ ಕೇಳಿದಳು, ಕಣ್ಣೀರೂ ಹಾಕಿದಳು. ನಂತರ ಮೆಲ್ಲಗೆ ಅಂದಳು: "ಪಾಪದ ಕೂಸು. ಆದ್ರ ನಾಳೆ ಅವರು ಕೇಳಿಕೋತ ಬಂದ್ರ, ಒಪ್ಪಸಲಾರದ ಹ್ಯಾಂಗಿರೂದವ್ವಾ?"

ವಾಪಸು ಬರುವಾಗ ನಾಕಾದ ಜವಾನ ನನ್ನ ಗುರುತು ಹಿಡಿದು ಟ್ರಂಕನ್ನು ಬಿಚ್ಚಿಸಲೂ ಇಲ್ಲ. ನಾನು ಹೀಗೆ ಎಷ್ಟು ಸಲ ಬೇಕಾದರೂ ಆಚೆ ಈಚೆ ಓಡಾಡಬಹುದು. ಮನೆ ಮುಟ್ಟಿದಾಗ ಯಲ್ಲವ್ವ ಹಿತ್ತಿಲ ಬಾಗಿಲಲ್ಲಿ ಕೂತಿದ್ದಳು. ನನ್ನ ಮುಖದಲ್ಲೇ ತವರಿನ ಉತ್ತರ ಓದಿಕೊಂಡಳು. "ಅರಿವಿ ಇದ್ರ ಕೊಡ್ರಿ ಅವ್ವಾರ" ಎಂದು ಕೈ ಚಾಚಿದಳು.

ನಿನ್ನ ಊರು ಯಾವುದು ಎಂದು ಇಲ್ಲಿ ಯಾರಾದರೂ ಕೇಳಿದರೆ, ಮೊದಲೆಲ್ಲ ಧಾರವಾಡ ಎಂದು ತಲೆಯೆತ್ತಿ ಹೇಳುತ್ತಿದ್ದೆ. ಈಗ ಹೇಳಲು ನಾಚಿಕೆಯಾಗುತ್ತದೆ. ಲಿಂಗಸುಗೂರು ಎನ್ನಲೂ ಆಗುವುದಿಲ್ಲ.