ಮಾರಯ್ಯ ಬೆಂಕಿ ನೋಡಿದ ವಾರ

ನನ್ನ ಮೈದುನ ಮಾರಯ್ಯನಂಥ ಪುಕ್ಕಲನನ್ನು ಸಾರಕ್ಕಿಯಲ್ಲಿ ಯಾರೂ ಕಂಡಿರಲಿಲ್ಲ. ಆರಡಿ ಆಳು. ಕಬ್ಬಿಣದ ಗೇಟನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ಜಯನಗರದವರೆಗೆ ನಡೆಯುತ್ತಿದ್ದ. ಆದರೆ ಮೇಜಿನ ಹಿಂದೆ ಕೂತ ಮನುಷ್ಯನನ್ನು ಕಂಡರೆ ಸಾಕು, ಅವನ ನಾಲಿಗೆ ಒಣಗುತ್ತಿತ್ತು. ದೊಡ್ಡ ಕಾರ್ಖಾನೆಯೊಂದರಲ್ಲಿ ವೆಲ್ಡಿಂಗ್ ಅಪ್ರೆಂಟಿಸ್ ಆಗಬೇಕೆಂದು ಎರಡು ಸಲ ಅರ್ಜಿ ಹಾಕಿದ್ದ, ಎರಡು ಸಲವೂ ಇಂಟರ್‌ವ್ಯೂ ದಿನ ಗೇಟಿನವರೆಗೆ ಹೋಗಿ ವಾಪಸ್ ಬಂದಿದ್ದ. ಮೊದಲನೇ ಸಲ ಹೊಟ್ಟೆನೋವು ಅಂದ. ಎರಡನೇ ಸಲ ಮುದ್ದೆ ಉಂಡು ಮಲಗಿದ. ಎಂಬತ್ತನೇ ಇಸವಿಯ ಜೂನ್‌ನಲ್ಲಿ ಇಂಟರ್‌ವ್ಯೂಗೆ ಮೂರನೇ ಕಾಗದ ಬಂತು. ಅದೇ ಕೊನೆ, ಮುಂದಿನ ವರ್ಷಕ್ಕೆ ಅವನ ವಯಸ್ಸು ಮೀರುತ್ತಿತ್ತು.

ಅವನು ಕೆಲಸಕ್ಕಿದ್ದದ್ದು ಗುರುಬಸಪ್ಪನವರ ಗ್ರಿಲ್ ಅಂಗಡಿಯಲ್ಲಿ. ಜೆ.ಪಿ. ನಗರದಲ್ಲಿ ದಿನಕ್ಕೊಂದು ಮನೆ ಏಳುತ್ತಿದ್ದ ಕಾಲ, ಕೈತುಂಬ ಕೆಲಸ. ಆದರೆ ಇಡೀ ಅಂಗಡಿಗೆ ಮುಖಕ್ಕೆ ಹಿಡಿಯುವ ಶೀಲ್ಡ್ ಒಂದೇ, ಅದೂ ಗುರುಬಸಪ್ಪನವರದು. ಉದ್ದನೆಯ ಬೆಸುಗೆಯನ್ನೆಲ್ಲ ಅವರೇ ಹಾಕುತ್ತಿದ್ದರು. ಕಂಬಿಗಳನ್ನು ಜೋಡಿಸಿ, ಅಲ್ಲೊಂದು ಇಲ್ಲೊಂದು ಚುಕ್ಕೆಯಷ್ಟು ಬೆಸುಗೆ ಇಟ್ಟು ನಿಲ್ಲಿಸುವುದು ಮಾರಯ್ಯನ ಕೆಲಸ. ಬೆಸುಗೆಯ ರಾಡನ್ನು ಗುರಿಗೆ ಹಿಡಿದು, ಮುಖ ಆಚೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ ಚುರ್ ಅನ್ನಿಸಬೇಕು. ಏಳು ವರ್ಷ ಹಾಗೇ ಮಾಡಿದ್ದ. ತಾನು ಹಚ್ಚುವ ಬೆಂಕಿ ಹೇಗಿದೆಯೆಂದು ಅವನು ಒಂದು ದಿನವೂ ನೆಟ್ಟಗೆ ನೋಡಿರಲಿಲ್ಲ.

ಜಯನಗರದ ಒಂದು ಮನೆಗೆ ಗ್ರಿಲ್ ಕೂರಿಸಲು ಹೋಗಿದ್ದಾಗ ಆ ಮನೆಯ ಬದರಿನಾಥ ಎಂಬ ಡಿಪ್ಲೊಮಾ ಓದುವ ಹುಡುಗನ ಪರಿಚಯವಾಗಿತ್ತು. ಅವನು ಪಾಪ, ಇಂಟರ್‌ವ್ಯೂನಲ್ಲಿ ಕೇಳಬಹುದಾದ ಇಪ್ಪತ್ತು ಪ್ರಶ್ನೆಗಳನ್ನೂ ಉತ್ತರಗಳನ್ನೂ ಕನ್ನಡದಲ್ಲಿ ಬರೆದುಕೊಟ್ಟ. ನಾನು ಆರನೇ ಕ್ಲಾಸು ಓದಿದವಳು. ಮೂರು ತಿಂಗಳ ಮಗುವನ್ನು ಕಾಲ ಮೇಲೆ ಹಾಕಿಕೊಂಡು ದಿನಾ ಪ್ರಶ್ನೆ ಕೇಳುವ ಕೆಲಸ ನನಗೆ ಬಿತ್ತು. ಏಳನೇ ಪ್ರಶ್ನೆ, ಶೀಲ್ಡಿಗೆ ಎಷ್ಟನೇ ನಂಬರಿನ ಕಪ್ಪು ಗಾಜು ಹಾಕಬೇಕು? ಹನ್ನೊಂದು, ಅನ್ನುತ್ತಿದ್ದ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹನ್ನೊಂದು ಅನ್ನುತ್ತಿದ್ದ. ಅದೇ ಪ್ರಶ್ನೆಯನ್ನು ನಾನು ದನಿ ಏರಿಸಿ ಸಾಹೇಬರ ಹಾಗೆ ಕೇಳಿದರೆ ಮಾತ್ರ ಬೆವರುತ್ತಿದ್ದ.

ಬಾಯಿಮಾತಿನ ಪರೀಕ್ಷೆ ಮುಗಿದ ಮೇಲೆ ನಾಲ್ಕಿಂಚು ಬೆಸುಗೆ ಹಾಕಿಸಿ ನೋಡುತ್ತಾರೆಂದು ಬದರಿನಾಥ ಹೇಳಿದ್ದೇ ತಪ್ಪಾಯಿತು. ಇಂಟರ್‌ವ್ಯೂ ನಾಳೆ ಅನ್ನುವ ದಿನ ಮಟಮಟ ಮಧ್ಯಾಹ್ನ ಮಾರಯ್ಯ ಅಂಗಡಿ ಬಿಟ್ಟು ಮನೆಗೆ ಬಂದು ಹೊಸ್ತಿಲ ಮೇಲೆ ಕೂತ. ಗುರುಬಸಪ್ಪನವರು ಗೇಟಿನ ಅಳತೆಗೆಂದು ಚಿಕ್ಕಲಸಂದ್ರಕ್ಕೆ ಹೋಗಿದ್ದರು, ಶೀಲ್ಡನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು. ಅದನ್ನು ಕೇಳೋಣವೆಂದರೆ ಯಾಕೆ ಅನ್ನುತ್ತಾರೆ. ಯಾಕೆಂದು ಹೇಳಿದರೆ ಇರುವ ಕೆಲಸವೂ ಹೋಗುತ್ತದೆ.

“ಕಣ್ಣು ಬಿಟ್ಟು ನೋಡ್ಬೇಕಂತೆ ಅತ್ತಿಗೆ, ಕಬ್ಬಿಣ ಹೆಂಗೆ ಕರಗಿ ಹರೀತದೆ ಅಂತ. ನಂಗಾಗಲ್ಲ. ನಾ ಹೋಗಲ್ಲ,” ಅಂದ.

ನನಗೆ ಸಿಟ್ಟು ನೆತ್ತಿಗೇರಿತು. ಮೊದಲೇ ನನ್ನ ನಾಲಿಗೆ ಉದ್ದ, ಬಾಯಿಗೆ ಬಂದದ್ದೆಲ್ಲ ಅಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಟ್ರಂಕಿನ ಕೆಳಗಿಂದ ಒಂದು ಎಕ್ಸ್‌ರೇ ಹಾಳೆ ಎಳೆದು ತಂದೆ. ಆ ವರ್ಷ ಫೆಬ್ರವರಿಯಲ್ಲಿ ದೊಡ್ಡ ಸೂರ್ಯಗ್ರಹಣ ಆಗಿತ್ತು. ಎಂಟು ತಿಂಗಳ ಬಸುರಿಯಾಗಿದ್ದ ನನ್ನನ್ನು ಅತ್ತೆ ಯಲ್ಲಮ್ಮ ಒಳಗೆ ಕೂಡಿಹಾಕಿದ್ದರು. ಮಾರಯ್ಯ ಮಾತ್ರ ಬದರಿನಾಥನ ಮನೆಯ ತಾರಸಿಯಲ್ಲಿ ನಿಂತು, ಅವರಜ್ಜಿಯ ಪಕ್ಕೆಲುಬಿನ ಎಕ್ಸ್‌ರೇ ಹಿಡಿದು ಗ್ರಹಣ ನೋಡಿದ್ದ. ಅದನ್ನೇ ಮನೆಗೂ ತಂದಿದ್ದ. ಗ್ರಹಣ ಕಂಡ ವಸ್ತು ಮನೆಯಲ್ಲಿರಬಾರದು, ಎಸೆಯಿರಿ ಎಂದು ಅತ್ತೆ ಕೂಗಾಡಿದ್ದರೂ ಎತ್ತಿಟ್ಟವಳು ನಾನೇ.

“ಸೂರ್ಯನ್ನೇ ತಡೆದಿದ್ದು ಕಣೋ ಇದು. ನಿನ್ನ ಒಂದು ಕಡ್ಡಿ ಬೆಂಕಿ ತಡೆಯಲ್ವಾ?” ಅಂದೆ.

ಅವನು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ, ಅಂಗಿಯೊಳಗೆ ಸೇರಿಸಿಕೊಂಡು ಅಂಗಡಿಗೆ ಹೋದ. ಇಬ್ಬರ ಬಾಯಲ್ಲೂ ಹನ್ನೊಂದು ನಂಬರು ತಿಂಗಳಿಂದ ಇತ್ತು, ಈ ಹಾಳೆ ಆ ಗಾಜಲ್ಲ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಗೋಡೆ ತಡವುತ್ತಾ ಒಳಗೆ ಬಂದ. ಕಣ್ಣಿಗೆ ಮರಳು ತುಂಬಿದ ಹಾಗಿದೆ ಅಂದ. ಬೆಂಕಿ ಬಿಳಿಯಾಗಿ ಉರಿದದ್ದಷ್ಟೇ ಕಂಡಿದ್ದಂತೆ, ಆದರೂ ಅಭ್ಯಾಸವಾಗಲಿ ಎಂದು ಹತ್ತು ರಾಡ್ ಸುಟ್ಟನಂತೆ. ನೋಡನೋಡುತ್ತಲೇ ರೆಪ್ಪೆಗಳು ಊದಿ ಮುಚ್ಚಿಕೊಂಡವು. ಅಂಥ ಆಳು ಚಾಪೆಯ ಮೇಲೆ ಮುದುರಿಕೊಂಡು, “ಕಣ್ಣು ಹೋಯ್ತಾ ಅತ್ತಿಗೆ?” ಅಂತ ಕೇಳಿದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಗತಿ. ಕೆಲಸ ಹಾಳಾಗಲಿ, ಈ ಮನುಷ್ಯ ಜೀವನವಿಡೀ ಕುರುಡನಾಗಿ ನನ್ನ ಹಜಾರದಲ್ಲಿ ಕೂತರೆ? ಹಾಳೆ ಕೊಟ್ಟವರು ಯಾರೆಂದು ಅತ್ತೆ ಕೇಳಿದರು. ತಾನೇ ತಗೊಂಡು ಹೋದದ್ದು ಎಂದು ಮಾರಯ್ಯನೇ ಹೇಳಿಬಿಟ್ಟ.

ಅತ್ತೆ ಬೈಯುವುದನ್ನು ಅಲ್ಲಿಗೇ ನಿಲ್ಲಿಸಿ, ಮಗುವಿಗೆ ಹಾಲು ಕುಡಿಸುವ ಒಳಲೆಯನ್ನು ತೊಳೆದು ನನ್ನ ಕೈಗಿಟ್ಟರು. ಗ್ರಿಲ್ ಅಂಗಡಿಯವರಿಗೆಲ್ಲ ಗೊತ್ತಿದ್ದ ಔಷಧ ಅದು. ಬೆಸುಗೆಯ ಬೆಂಕಿ ಕಣ್ಣಿಗೆ ಹೊಡೆದರೆ ಬಾಣಂತಿಯ ಎದೆಹಾಲು ಬಿಡುತ್ತಿದ್ದರು. ಡಾಕ್ಟರು ಕೇಳಿದರೆ ಬೈಯುತ್ತಾರೆ, ಬೈಯಲಿ. ಬಾಗಿಲ ಹಿಂದೆ ನಿಂತು ಒಳಲೆಗೆ ಹಾಲು ಹಿಂಡಿದೆ. ಭಯಕ್ಕೆ ಹಾಲೇ ಇಳಿಯಲಿಲ್ಲ. ಅತ್ತ ಮಗು ಹಸಿದು ಅಳುತ್ತಿತ್ತು, ಇತ್ತ ಅವನು ನರಳುತ್ತಿದ್ದ. ಕೊನೆಗೆ ನಾಲ್ಕು ಹನಿ ಸಿಕ್ಕಿತು. ಅತ್ತೆ ಅದರಲ್ಲಿ ಹತ್ತಿ ಅದ್ದಿ ಅವನ ಕಣ್ಣಿಗೆ ಬಿಟ್ಟರು.

ಬೆಳಗ್ಗೆ ಕಣ್ಣು ದಾರದಷ್ಟು ಬಿಟ್ಟಿತು. ಒಳಗೆಲ್ಲ ಕೆಂಪು, ನಿಲ್ಲದೆ ನೀರು. ಹೋಗುವುದಿಲ್ಲ ಎಂದು ಅವನು ಹೇಳುವ ಮೊದಲೇ ನಾನು ಮಗುವನ್ನು ಸೊಂಟಕ್ಕೇರಿಸಿಕೊಂಡು ಅವನ ಕೈ ಹಿಡಿದೆ. ಬಸ್ಸಿನಲ್ಲಿ ಟವಲು ಮುಚ್ಚಿಕೊಂಡು ಕೂತಿದ್ದ. ಜನ ನೋಡಿದ್ದೇ ನೋಡಿದ್ದು. ಕಾರ್ಖಾನೆಯ ಗೇಟು ಬಂದಾಗ ಅವನ ಕಾಲು ನಿಂತವು. ಇಲ್ಲಿಂದಲೇ ಎರಡು ಸಲ ತಿರುಗಿದ್ದು. ಈ ಸಲ ತಿರುಗೋಣವೆಂದರೆ ಬಸ್ ಸ್ಟಾಪಿನ ದಾರಿಯೇ ಅವನಿಗೆ ಕಾಣುತ್ತಿರಲಿಲ್ಲ. ವಾಚ್‌ಮನ್ ಕೈಗೆ ಒಪ್ಪಿಸಿದೆ.

ಎರಡು ಗಂಟೆ ಮರದ ಕೆಳಗೆ ಕೂತೆ. ಈ ಕಣ್ಣು ನೋಡಿ ಓಡಿಸುತ್ತಾರೆ ಅಂದುಕೊಂಡೆ. ಅಣ್ಣಮ್ಮ ತಾಯಿಗೆ ಹರಕೆ ಹೊತ್ತೆ. ಆಮೇಲೆ ಅವನು ಹೊರಗೆ ಬಂದ, ಕೆನ್ನೆಯ ಮೇಲೆ ಧಾರೆಯಾಗಿ ನೀರು. ಬೆಳಗಿನಿಂದಲೂ ಹಾಗೇ ಸುರಿಯುತ್ತಿದ್ದ ಕಣ್ಣು, ಈಗ ಅಳುತ್ತಿದ್ದಾನೋ ಇಲ್ಲವೋ ತಿಳಿಯಲಿಲ್ಲ.

ಒಳಗೆ ಸೇತುರಾಮ ಅನ್ನುವ ವಯಸ್ಸಾದ ಫೋರ್‌ಮನ್ ಇದ್ದರಂತೆ. ಇವನ ಮುಖ ನೋಡಿ, ಬೇರೆ ಏನೂ ಕೇಳದೆ, ಗಾಜು ಎಷ್ಟನೇ ನಂಬರ್ ಅಂದರಂತೆ. ಹನ್ನೊಂದು ಅಂದನಂತೆ.

“ಗೊತ್ತಿದ್ದೂ ಯಾಕಯ್ಯಾ ನೋಡ್ದೆ?”

“ಅಂಗಡೀಲಿ ಅದು ಒಂದೇ ಇರೋದು ಸಾರ್. ಓನರ್‌ದು.”

ಅವರು, ಡಾಕ್ಟರಿಗೆ ತೋರಿಸಿ ಗುರುವಾರ ಬಾ, ಬೆಸುಗೆ ಅವತ್ತು ಹಾಕು ಅಂದರಂತೆ.

ಗುರುವಾರ ಒಬ್ಬನೇ ಹೋದ. ಇಡೀ ದಿನ ನನಗೆ ಒಲೆ ಮುಂದೆ ಕೂರಲಾಗಲಿಲ್ಲ. ಸಂಜೆ ಬಂದವನು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ಶುರು ಮಾಡಿದ. ಅವನು ಅಷ್ಟು ಮಾತಾಡಿದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ಕೇಳಿರಲಿಲ್ಲ.

“ಶೀಲ್ಡ್ ಹಿಡ್ಕೊಂಡೂ ಕಣ್ಣು ಮುಚ್ಚೇ ಇದ್ದೆ ಅತ್ತಿಗೆ. ಅಭ್ಯಾಸ. ಗೆರೆ ಬಿಟ್ಟು ಹೋಗ್ತಿದೆ, ಕಣ್ಣು ಬಿಡಪ್ಪಾ ಅಂದ್ರು ಫೋರ್‌ಮನ್ನು. ಬಿಟ್ಟೆ. ಏನೂ ಆಗ್ಲಿಲ್ಲ. ಆ ಗಾಜಲ್ಲಿ ಹಸುರಾಗಿತ್ತು ಬೆಂಕಿ. ಕಬ್ಬಿಣ ಬೆಲ್ಲದ ಪಾಕದಂಗೆ ಹರೀತಿತ್ತು.”

ಬೆಂಕಿಯ ಬಣ್ಣ ಕಟ್ಟಿಕೊಂಡು ನನಗೇನಾಗಬೇಕು? ತಗೊಂಡರೋ ಇಲ್ಲವೋ ಅದನ್ನು ಮೊದಲು ಬೊಗಳು ಅಂದೆ.

“ಸೋಮವಾರದಿಂದ ಬರ್ಬೇಕಂತೆ,” ಅಂದ. ಆಮೇಲೆ, ಅದಕ್ಕಿಂತ ದೊಡ್ಡ ಸುದ್ದಿ ಹೇಳುವವನ ಹಾಗೆ ದನಿ ತಗ್ಗಿಸಿದ. “ಶೀಲ್ಡ್ ಅವ್ರೇ ಕೊಡ್ತಾರಂತೆ ಅತ್ತಿಗೆ. ಒಬ್ಬೊಬ್ರಿಗೂ ಒಂದೊಂದು.”