ಬೀರದೇವ ತಿಕ್ಕಿದ ಕಾರು

ಮಹಾರಾಷ್ಟ್ರದ ಗಡಿಯೊಳಗಿನ ಜತ್ತದ ಅರಿವೆ ವ್ಯಾಪಾರಿ ಶ್ರೀಶೈಲಪ್ಪ ಸಾವಕಾರರು ೧೯೬೫ರಲ್ಲಿ ಕೊಲ್ಹಾಪುರದಿಂದ ಹಳೆಯದೊಂದು ಕಪ್ಪು ಅಂಬಾಸಿಡರ್ ಕಾರು ತಂದರು. ಅಂದಿನಿಂದ ಅವರ ಕೆಮ್ಮೇ ಬದಲಾಯಿತು. ಎದುರಿಗೆ ಬಂದವರು ಬದಿಗೆ ಸರಿಯಲಿ ಎಂದು ಹಾರ್ನಿನ ಹಾಗೆ ಕೆಮ್ಮುತ್ತಿದ್ದರು.

ಕಾರು ತಿಕ್ಕಲು ಬಂದವನು ಹತ್ತಿರದ ಹಳ್ಳಿ ಮುಚ್ಚಂಡಿಯ ಬೀರದೇವ. ಅಪ್ಪನ ಕುರಿ ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ ಅವನ ಪಾಲಿಗೆ ಹನ್ನೊಂದು ಉಳಿದಿದ್ದವು. ಹನ್ನೊಂದರ ಹಿಂದೆ ತಿರುಗುವುದಕ್ಕಿಂತ ಒಂದರ ಸುತ್ತ ತಿರುಗುವುದು ಲೇಸೆಂದು ಬಂದ. ಸಾವಕಾರರು ಮೊದಲ ದಿನವೇ ಮಾತು ಕೊಟ್ಟಿದ್ದರು: "ಡ್ರೈವರ್ ವಿಠೋಬನ ಕಣ್ಣು ಹೊಂಟಾವ. ಬಣ್ಣ ಚಲೋ ಕಾಯ್ದಿ ಅಂದ್ರ ಮುಂದಿನ ದೀಪಾವಳಿಗೆ ನೀನ ಡ್ರೈವರ್."

ಆ ಡ್ರೈವರ್ ಕೆಲಸದ ಅರ್ಜಿಯನ್ನು ಮರಾಠಿಯಲ್ಲಿ ಬರೆದುಕೊಟ್ಟವನು ಸಾಲಿ ಮಾಸ್ತರನಾದ ನಾನು. ಅದಕ್ಕೆ ಬೇಕಿದ್ದದ್ದು ಸಾವಕಾರರ ಸಹಿಯೊಂದೇ. ಬೀರದೇವ ಅದನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಶೆಡ್ಡಿನಿಂದ ಹೊರಗೆ, ಹೊರಗಿನಿಂದ ಶೆಡ್ಡಿಗೆ ಕಾರು ಓಡಿಸುವುದನ್ನೂ ಕಲಿತ. ಒಟ್ಟು ದಾರಿ ಹತ್ತು ಮಾರು.

ಮುಂಬಯಿಯಿಂದ ಮೇಣದ ಡಬ್ಬಿ ಬರುತ್ತಿತ್ತು. ಬೀರದೇವ ಅದನ್ನು ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಮುಖ ಕಾಣುವ ತನಕ ತಿಕ್ಕುತ್ತಿದ್ದ. "ನನ್ನ ತಲಿಗೆ ಒಂದಿನಾರ ಎಣ್ಣಿ ಹಚ್ಚೀಯೇನ? ಅದರ ತಲಿ ದಿನಾ ತಿಕ್ಕತಿ" ಎಂದು ಹೆಂಡತಿ ಹಾಲವ್ವ ಚುಚ್ಚುತ್ತಿದ್ದಳು. ಮನೆಗೆ ಯಾರೇ ಬರಲಿ, ಸಾವಕಾರರು ಒಂದು ತಂಬಿಗೆ ನೀರು ತರಿಸಿ ಬಾನೆಟ್ಟಿನ ಮೇಲೆ ಸುರಿಯುತ್ತಿದ್ದರು. ನೀರು ಮುತ್ತುಮುತ್ತಾಗಿ ಉರುಳಿ ಹೋಗುತ್ತಿತ್ತು. "ನೋಡ್ರಿ, ನೀರು ಸುದ್ದಾ ನಮ್ಮ ಗಾಡಿಗೆ ಅಂಜತೈತಿ!" ಎಪ್ಪತ್ತೆರಡರ ಬರದಲ್ಲಿ ಊರಿನ ಹೆಂಗಸರು ಟ್ಯಾಂಕರಿಗೆ ಕೊಡ ಹಿಡಿದು ನಿಂತಾಗಲೂ ಆ ತಂಬಿಗೆ ತಪ್ಪಲಿಲ್ಲ.

ನೀರು ಅಂಜುವುದಿಲ್ಲ ಎಂದು ನನಗೆ ತಿಳಿಸಿಕೊಟ್ಟವನು ಬೀರದೇವ. "ನೀರಿಗೂ ಜಿಡ್ಡಿಗೂ ಕೂಡೂದಿಲ್ರಿ ಮಾಸ್ತರ್ರ. ಬರೇ ಬಣ್ಣ ಇತ್ತಂದ್ರ ನೀರು ಚಪಾತಿ ಹಾಂಗ ಹಾಸಿಕೊಂಡು ಕುಂದರತೈತಿ. ಜಿಡ್ಡಿತ್ತಂದ್ರ ಅದನ್ನ ತಬ್ಬೂದು ಬಿಟ್ಟು ತನ್ನ ಮೈ ತಾನ ತಬ್ಬಿ ಗುಂಡ ಆಗ್ತೈತಿ. ಕಂಬಳಿ ಹಾಂಗ ನೋಡ್ರಿ. ಉಣ್ಣಿಯಾಗ ಕುರಿ ಜಿಡ್ಡು ಇರೂತನಾ ಮಳಿ ಒಳಗ ಬರೂದಿಲ್ಲ. ಸೋಡಾ ಹಾಕಿ ಒಗೀರಿ, ಮರುದಿನಾನ ಸೋರತೈತಿ." ಹತ್ತು ವರ್ಷ ವಿಜ್ಞಾನ ಕಲಿಸಿದ್ದ ನಾನು ಗೊತ್ತಿದ್ದವನಂತೆ ಗೋಣು ಹಾಕಿದೆ.

ಅರವತ್ತೇಳರಲ್ಲಿ ಮುಂಬಯಿಯ ಡಬ್ಬಿ ಬರುವುದು ನಿಂತಿತು. ಬಾನೆಟ್ಟಿನ ಮೇಲೆ ನೀರು ಹಾಸಿಕೊಂಡು ಕೂತಿತು. ಸಾವಕಾರರ ಮುಖವೂ ಹಾಗೆಯೇ ಚಪ್ಪಟೆಯಾಯಿತು. ಬೀರದೇವ ಮುಚ್ಚಂಡಿಯಿಂದ ಒಗೆಯದ ಉಣ್ಣೆ ತಂದು ಕುದಿಸಿ, ಮೇಲೆ ತೇಲಿದ ಜಿಡ್ಡು ತೆಗೆದು, ಜೇನುಮೇಣ ಕರಗಿಸಿ ಕೂಡಿಸಿ, ಹಳೆಯ ಡಬ್ಬಿಗೇ ತುಂಬಿದ. ಮುತ್ತುಗಳು ಮರಳಿ ಬಂದವು. "ಶಾಬಾಸ್" ಎಂದ ಸಾವಕಾರರು ಬಂದವರಿಗೆ "ಜರ್ಮನಿ ಮಾಲು" ಎಂದು ಹೇಳತೊಡಗಿದರು. ದೀಪಾವಳಿಗಳು ಬಂದು ಹೋದವು.

ಎಪ್ಪತ್ಮೂರರಲ್ಲಿ ಸಾವಕಾರರ ಮಗಳ ಸಂಬಂಧ ಮಾತಾಡಲು ಮಿರಜದಿಂದ ಬೀಗರು ಬಂದರು. ನನ್ನನ್ನೂ ಚಹಾಕ್ಕೆ ಕರೆದಿದ್ದರು. ತಂಬಿಗೆ ಬಂತು, ನೀರು ಉರುಳಿತು, ಬೀಗರು ಮರುಳಾದರು. "ಅಂಥಾದ್ದೊಂದು ಡಬ್ಬಿ ನಮಗೂ ಕೊಡ್ರಿ" ಎಂದರು.

"ಒಂದ್ಯಾಕ್ರಿ! ಲೇ ಬೀರ್ಯಾ, ಜರ್ಮನಿ ಡಬ್ಬಿ ತಾ."

ಬೀರದೇವ ಓಡಿಹೋಗಿ ತಂದ. ಬೀಗರು ಮುಚ್ಚಳ ತೆಗೆದು ಮೂಗಿಗೆ ಹಿಡಿದರು. ಕುರಿಹಟ್ಟಿಯೇ ಎದ್ದು ಪಡಸಾಲೆಗೆ ಬಂದಂತಾಯಿತು. ಕಾರಿಗೆ ತೆಳ್ಳಗೆ ಹಚ್ಚಿದ್ದು ಬಿಸಿಲಿಗೆ ವಾಸನೆ ಕಳೆದುಕೊಳ್ಳುತ್ತಿತ್ತು. ಮುಚ್ಚಿಟ್ಟ ಡಬ್ಬಿಯೊಳಗೆ ಅದು ಹಾಗೇ ಇತ್ತು. ಹುಟ್ಟಿದಂದಿನಿಂದ ಕುರಿಗಳ ನಡುವೆ ಮಲಗಿದ ಬೀರದೇವನಿಗೆ ಮಾತ್ರ ಅದು ವಾಸನೆಯೇ ಅಲ್ಲ, ಬರೀ ಗಾಳಿ.

"ಇದೇನ್ರಿ, ಜರ್ಮನಿಯಾಗ ಕುರಿ ಭಾಳ ಅದಾವೇನ?" ಎಂದರು ಬೀಗರು.

ಸಾವಕಾರರು ಕೆಮ್ಮಿದರು. "ಈ ಹಲ್ಕಟ್ ನನ್ನ ಡಬ್ಬಿ ಕದ್ದು, ಇದರಾಗ ಕುರಿ ಕೊಬ್ಬು ತುಂಬ್ಯಾನ!"

"ಸಾವಕಾರ್ರ, ನಿಮಗ ಗೊತ್ತೈತಲ್ರಿ..." ಬೀರದೇವ ನನ್ನ ಕಡೆ ತಿರುಗಿದ. "ಮಾಸ್ತರ್ರ, ನೀವರ ಹೇಳ್ರಿ."

ನನಗೆ ಗೊತ್ತಿತ್ತು. ಆದರೆ ಕೈಯಲ್ಲಿ ಸಾವಕಾರರ ಚಹಾ ಇತ್ತು. ಅದರಲ್ಲಿ ಏಲಕ್ಕಿ ಚೆನ್ನಾಗಿ ಬಿದ್ದಿತ್ತು.

ಅಂದೇ ಬೀರದೇವನನ್ನು ಹೊರಹಾಕಿದರು. ವಿಠೋಬನ ಜಾಗಕ್ಕೆ ಸಾವಕಾರರ ಸೋದರಳಿಯ ಗೊಲ್ಲಾಳಪ್ಪ ಬಂದ. ಅವನು ಕಾರನ್ನು ಬಟ್ಟೆ ಸೋಡಾದಿಂದ ತೊಳೆದ. ಎರಡು ಮಳೆಗಾಲದಲ್ಲಿ ಕಪ್ಪು ಬಣ್ಣ ಬೂದಿಯಾಯಿತು, ಅಲ್ಲಲ್ಲಿ ತುಕ್ಕು ಕಂಡಿತು. ಎಪ್ಪತ್ತೈದರಲ್ಲಿ ಸಾವಕಾರರು ಬೀರದೇವನನ್ನು ಕರೆತರಲು ಗೊಲ್ಲಾಳಪ್ಪನನ್ನೇ ಕಾರು ಕೊಟ್ಟು ಕರಜಗಿಗೆ ಕಳಿಸಿದರು. ಅವನು ಅಲ್ಲಿ ಬೇರೆಯವರ ಕುರಿ ಕಾಯುತ್ತಿದ್ದ.

"ನಾ ಹೊಡಕೊಂಡು ಬರ್ತೀನ್ರಿ. ಜತ್ತದ ತನಾ, ಒಂದ ಸಲ" ಎಂದನಂತೆ ಬೀರದೇವ.

"ಹುಚ್ಚ ಹಿಡದೈತೇನಲೇ? ಹಿಂದ ಕುಂದ್ರು. ಸೀಟಿಗೆ ಮೈ ಹತ್ತಿಸಬ್ಯಾಡ."

ಬೀರದೇವ ಹತ್ತಲಿಲ್ಲ. ಆದರೆ ಆ ಬೂದಿ ಬಣ್ಣವನ್ನು ಅಂಗೈಯಿಂದ ಒಮ್ಮೆ ಮುಟ್ಟಿ ನೋಡಿದನಂತೆ. ಮರುದಿನ ಬಸ್ಸಿಗೆ ಬಂದ. ಬಗಲಲ್ಲಿ ಡಬ್ಬಿಯಿತ್ತು. ಮುಂಜಾನೆಯಿಂದ ಸಂಜೆಯ ತನಕ ತಿಕ್ಕಿದ. ಸಾವಕಾರರು ತಂಬಿಗೆ ತಂದು ಸುರಿದರು. ಮುತ್ತುಗಳು ಉರುಳಿದವು.

ಬೀರದೇವ ಅರ್ಜಿ ತೆಗೆದು ಮುಂದೆ ಹಿಡಿದ. ಮಡಿಕೆಗಳಲ್ಲಿ ಕಾಗದ ಹರಿದಿತ್ತು.

"ಇರಲಿ ತಗೋ" ಎಂದರು ಸಾವಕಾರರು, ಕಾರಿನಿಂದ ಕಣ್ಣು ತೆಗೆಯದೆ. "ಮುಂದಿನ ದೀಪಾವಳಿಗೆ ನೋಡೂಣು."

ತಂಬಿಗೆಯ ತಳದಲ್ಲಿ ಉಳಿದ ನೀರನ್ನು ಕೈ ತೊಳೆಯಲೆಂದು ನಾನೇ ಅವನ ಕೈಗೆ ಹಾಕಿದೆ. ಅಷ್ಟಾದರೂ ಮಾಡಬೇಕೆನಿಸಿತ್ತು. ಹತ್ತು ವರ್ಷದ ಜಿಡ್ಡು ಕೂತ ಆ ಅಂಗೈಯಲ್ಲಿ ನೀರು ಒಂದು ಹನಿಯೂ ನಿಲ್ಲದೆ ಉರುಳಿ ನೆಲಕ್ಕೆ ಬಿತ್ತು. ಅವನು ಒಣ ಕೈಯನ್ನೇ ಧೋತರಕ್ಕೆ ಒರೆಸಿಕೊಂಡು ಕರಜಗಿ ಬಸ್ಸಿಗೆ ನಡೆದ.