ಅತ್ತಿಗೆಯ ಒಣಗಿದ ಕಣ್ಣು

ಮಾತಾಡುವಾಗ ಅತ್ತಿಗೆ ರೆಪ್ಪೆಗಳನ್ನು ಒತ್ತಿ ಒತ್ತಿ ಮುಚ್ಚುತ್ತಿದ್ದರು. ಕಣ್ಣಂಚು ಸದಾ ಕೆಂಪು. ಹಂಪಾಪುರದ ಕಡೆಯಿಂದ ಅಣ್ಣನನ್ನು ಮದುವೆಯಾಗಿ, ಹುಣಸೂರಿನ ಹತ್ತಿರದ ನಮ್ಮ ಹಳ್ಳಿಗೆ ಬಂದ ಹೊಸತು. ಅವ್ವ ಕೇಳಿದರೆ, "ಹೊಗೆ ಆಗಲ್ಲ ಕಣತ್ತೆ" ಎಂದು ನಗುತ್ತಿದ್ದರು.

ನಿಜ ಗೊತ್ತಾದದ್ದು ನನಗೊಬ್ಬಳಿಗೆ. ನಾನಾಗ ಪಿಯುಸಿ. ಬಚ್ಚಲಿನ ಬಾಗಿಲು ತಳ್ಳಿದಾಗ ಅವರು ಕಣ್ಣಿನಿಂದ ನೀರಗುಳ್ಳೆಯಂಥ ತೆಳು ಬಿಲ್ಲೆಯೊಂದನ್ನು ತೆಗೆಯುತ್ತಿದ್ದರು. ಕಾಂಟ್ಯಾಕ್ಟ್ ಲೆನ್ಸ್. ಅದಿಲ್ಲದಿದ್ದರೆ ಅವರಿಗೆ ಎದುರಿನ ಮುಖವೂ ಮಸುಕು. ಬಂದ ಸಂಬಂಧಗಳೆಲ್ಲ ದಪ್ಪ ಕನ್ನಡಕ ನೋಡಿ ತಪ್ಪಿಹೋದ ಮೇಲೆ, ಅವರಪ್ಪ ಲೆನ್ಸ್ ಹಾಕಿಸಿ, ಹುಡುಗಿಗೆ ಯಾವ ಐಬೂ ಇಲ್ಲವೆಂದು ಮದುವೆ ಮಾಡಿದ್ದರು.

"ಯಾರ್ಗೂ ಯೋಳ್ಬ್ಯಾಡ ಕಣವ್ವ. ಗೊತ್ತಾದ್ರೆ ತವರಿಗೆ ಕಳಿಸ್ಬುಡ್ತಾರೆ." ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡರು.

ತುಂಬಿದ ಮನೆಯಲ್ಲಿ ಲೆನ್ಸ್ ತೆಗೆದಿಡಲು ಮರೆಯೆಲ್ಲಿ? ಹಾಕಿಕೊಂಡೇ ಮಲಗುತ್ತಿದ್ದರು. ತೊಳೆಯುವ ಔಷಧಿ ಮುಗಿದರೆ ತೊಟ್ಟಿಯ ನೀರೇ. ಹೊಗೆಸೊಪ್ಪು ಹದ ಮಾಡುವ ಕಾಲ ಬಂದಾಗ ಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಒಣ ಶಾಖದೆದುರು ದಿನವಿಡೀ ಕೆಲಸ. ಒಂದು ಬೆಳಿಗ್ಗೆ ಬಲಗಣ್ಣಿನ ಲೆನ್ಸ್ ಒಣಗಿ ಅಂಟಿಕೊಂಡುಬಿಟ್ಟಿತು. ಉಗುರಿನಿಂದ ಕಿತ್ತರು. ಕಣ್ಣು ಊದಿದರೂ ಮದ್ದಿನಂಗಡಿಯ ಹನಿ ಹಾಕಿಕೊಂಡು ಸುಮ್ಮನಿದ್ದರು. ಬೆಳಕು ಕಂಡರೆ ಚೀರುವಂತಾದಾಗ ನಾನೇ ಅಣ್ಣನಿಗೆ ಹೇಳಿಬಿಟ್ಟೆ.

ಮೈಸೂರಿನ ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು: "ಕಣ್ಣಿನ ಮೇಲೆ ಯಾವಾಗಲೂ ನೀರಿನ ತೆಳು ಪದರ ಇರುತ್ತಮ್ಮ. ಅದು ಆರದ ಹಾಗೆ ಮೇಲೊಂದು ಎಣ್ಣೆ ಪದರ. ಲೆನ್ಸ್ ಅದನ್ನ ಸೀಳಿ ಮಧ್ಯೆ ಕೂರುತ್ತೆ, ನೀರು ಬೇಗ ಆರಿಹೋಗುತ್ತೆ. ಅದಕ್ಕೇ ಕಣ್ಣಿಗೆ ಬಿಡುವು ಕೊಡಬೇಕು. ನೀವು ಕೊಡಲೇ ಇಲ್ಲ." ಒಣಗಿದ ಕಣ್ಣು ಗಾಯವಾಗಿ, ತೊಟ್ಟಿ ನೀರಿನ ಸೋಂಕು ಒಳಹೊಕ್ಕಿತ್ತು.

ಅತ್ತಿಗೆ ಕೇಳಿದ್ದು ಒಂದೇ: "ನೋಡಿದೋರ್ಗೆ ಗೊತ್ತಾಗ್ತದಾ ಡಾಕ್ಟ್ರೇ?"

ಬಲಗಣ್ಣಿನ ನೋಟ ಉಳಿಯಲಿಲ್ಲ. ಮನೆಗೆ ಬಂದ ದಿನ ಅವ್ವ ಅತ್ತಳು. "ಕನ್ನಡ್ಕ ಆಕ್ಕೊಂಡೇ ಬಂದಿದ್ರೆ ನಾವೇನ್ ಬ್ಯಾಡ ಅಂತಿದ್ವಾ?"

ಬೇಡ ಅಂತಲೇ ಅಂತಿದ್ದೆವು ಎಂದು ಅವ್ವನಿಗೂ ಗೊತ್ತಿತ್ತು. ಅಣ್ಣ ಎದ್ದು ಹೋಗಿ ಅತ್ತಿಗೆಯ ಪಕ್ಕ ಕೂತ.

ನಾನು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವುದನ್ನು ಮನೆಯಲ್ಲಿ ಗಮನಿಸಿದ್ದು ಅತ್ತಿಗೆಯೊಬ್ಬರೇ. ಕಣ್ಣು ತೋರಿಸಿ ಕನ್ನಡಕ ಹಾಕಿಸಬೇಕೆಂದರು. "ಈಗ್ಲೇ ಕನ್ನಡ್ಕ ಆಕ್ಸುದ್ರೆ ನಾಳೆ ಇವಳ್ನ ಯಾರ್ ಒಪ್ತಾರೆ?" ಎಂದಳು ಅವ್ವ. ಎಂದೂ ಎದುರಾಡದ ಅತ್ತಿಗೆ, "ಒಪ್ದೇ ಇದ್ರೆ ಬುಡ್ಲಿ ಕಣತ್ತೆ. ಕಣ್ಣಿರ್ಲಿ" ಎಂದು ನನ್ನನ್ನು ಬಸ್ಸು ಹತ್ತಿಸಿದರು.

ಹುಣಸೂರಿನ ಅಂಗಡಿಯಲ್ಲಿ ಕನ್ನಡಕವನ್ನು ಅವರೇ ನನ್ನ ಕಿವಿಗೇರಿಸಿದರು. ನಾನು ಮೊದಲು ಸರಿಯಾಗಿ ಕಂಡದ್ದು ಅವರ ಮುಖವನ್ನು. ಬಲಗಣ್ಣಿನ ನಡುವೆ ಬಿಳಿಯ ಕಲೆ. ಅದು ಅಷ್ಟು ದೊಡ್ಡದೆಂದು ಅಲ್ಲಿಯವರೆಗೂ ನನಗೆ ತಿಳಿದಿರಲಿಲ್ಲ.

"ಕಾಣ್ತದಾ?" ಎಂದು ಕೇಳಿದರು.

"ಕಾಣ್ತದೆ ಅತ್ತಿಗೆ," ಎಂದೆ.